ಜರ್ಮನಿಯ ಕಿಟೆಲ್, ನಮ್ಮ ಆಯಿಯ ಮಾತು

ಹೋದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಅಂತ ಒಂದು ಕನ್ನಡ ಸ್ಪೆಲ್‌ಚೆಕ್ಕರ್ ಮಾಡಿದ್ವಿ. ದೊಡ್ಡ ವಿದ್ಯೆ ಏನಿಲ್ಲ. ಒಂದು ಪದಪಟ್ಟಿ, ಅದರ ಮೇಲೆ ಒಂದಿಷ್ಟು ವಿಭಕ್ತಿ ಪ್ರತ್ಯಯಗಳ ನಿಯಮ. ಪಟ್ಟಿಯಲ್ಲಿ ಸಿಗದ ಪದದ ಕೆಳಗೆ ಕೆಂಪು ಗೆರೆ ಬೀಳುತ್ತೆ. ಡೆಮೋ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಪರೀಕ್ಷೆಗೆ ಅಂತ ನಮ್ಮ ಆಯಿ ಫೋನ್‌ನಲ್ಲಿ ಹೇಳಿದ ನಾಲ್ಕು ಮಾತು ಟೈಪ್ ಮಾಡಿದೆ. ತಮ್ಮನಿಗೆ ನೆದರಾಗಿದೆ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ, ಘಾಟೇ ಬರಲಿಲ್ಲ, ಅಂತ್ರ ಕಟ್ಟಿಸಬೇಕು, ಎಳ್ಳಮಾಸಿಗೆ ಚರಗ ಚೆಲ್ಲೋಕೆ ನೀನು ಬಾ. ಇಷ್ಟೇ. ಪರದೆ ಅರ್ಧಕ್ಕರ್ಧ ಕೆಂಪಾಯ್ತು. ಗೆಳೆಯನೊಬ್ಬ ನಿಮ್ಮ ಆಯಿಗೆ ಕನ್ನಡ ಬರಲ್ಲ ಕಣೋ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕಿದ್ದು ಆಮೇಲೆ ಯಾಕೋ ಸರಿ ಅನ್ನಿಸಲಿಲ್ಲ.

ಊರು ರಾಜೂರು. ಗಜೇಂದ್ರಗಡದ ಪಕ್ಕ. ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗೋದು ಬಸ್ಸಿನಿಂದಲೇ ಕಾಣುತ್ತೆ. ಕೆಳಗೆ ಎರಿ ಹೊಲ, ಬಿಳಿಜೋಳ, ಕಡಲೆ. ಆ ಊರಲ್ಲಿ ಎಲ್ಲರಿಗೂ ಗೊತ್ತಿರೋ ಪದಗಳು ನಮ್ಮ ಪ್ರೋಗ್ರಾಮಿಗೆ ತಪ್ಪು. ಮಾರನೇ ದಿನ ಲೈಬ್ರರಿಯ ಕನ್ನಡ ಕಪಾಟಿನಲ್ಲಿ ಕಿಟೆಲ್ ಕೋಶದ ಸಂಪುಟ ತೆಗೆದೆ. ಪುಟ ತಿರುಗಿಸ್ತಾ ಹೋದಾಗ ಕೆಲವು ಪದಗಳ ಮುಂದೆ ಆವರಣದಲ್ಲಿ ಒಂದು ಸಣ್ಣ ಇಂಗ್ಲಿಷ್ ಗುರುತು ಕಂಡಿತು. ಅದನ್ನು ಬಿಡಿಸಿದರೆ ದಕ್ಷಿಣ ಮರಾಠಾ ಪ್ರಾಂತ. ಬ್ರಿಟಿಷರ ಕಾಲದಲ್ಲಿ ಧಾರವಾಡ, ಬೆಳಗಾವಿ, ನಮ್ಮ ರೋಣ ಎಲ್ಲವನ್ನೂ ಕರೀತಿದ್ದದ್ದು ಹಾಗೆ. ಅಂದ್ರೆ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಒಬ್ಬರು, ಈ ಮಾತು ಆ ಕಡೆಯವರದು, ತಪ್ಪಲ್ಲ, ಅಂತ ಗುರುತು ಹಾಕಿ ಇಟ್ಟಿದ್ದಾರೆ. ಅವರು ಕನ್ನಡಿಗರಲ್ಲ, ಇಂಗ್ಲಿಷರೂ ಅಲ್ಲ. ಜರ್ಮನಿಯ ಉತ್ತರದ ತುದಿಯ ಒಂದು ಹಳ್ಳಿಯ ಪಾದ್ರಿಯ ಮಗ.

ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ಅದು ಪೂರ್ವ ಫ್ರೀಸಿಯಾ ಸೀಮೆ. ಉತ್ತರ ಸಮುದ್ರದ ದಂಡೆ, ಮಟ್ಟಸ ನೆಲ, ನೀರು ಒಳಗೆ ನುಗ್ಗದ ಹಾಗೆ ಕಟ್ಟಿದ ಏರಿಗಳು, ಗಾಳಿಗಿರಣಿಗಳು, ಮೂರು ಹೊತ್ತೂ ಚಹಾ ಕುಡಿಯೋ ಜನ. ಆಗ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ಆ ಸೀಮೆ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಅಲ್ಲಿನ ಜನ ಮನೆಯಲ್ಲಿ, ಸಂತೆಯಲ್ಲಿ ಆಡೋದು ಪ್ಲಾಟ್ ಅಂತ ಕರೆಯೋ ಕೆಳಜರ್ಮನ್. ಶಾಲೆಯಲ್ಲಿ, ಚರ್ಚಿನಲ್ಲಿ ನಡೆಯೋದು ಮೇಲುಜರ್ಮನ್. ನಮ್ಮಲ್ಲಿ ಪಠ್ಯಪುಸ್ತಕದ ಕನ್ನಡ ಒಂದು, ಕಟ್ಟೆ ಮೇಲಿನ ಕನ್ನಡ ಒಂದು ಇದೆಯಲ್ಲ, ಹಾಗೇ. ರಾಜೂರಿಂದ ಬೆಂಗಳೂರಿಗೆ ಬಂದು ಮೊದಲ ವಾರ ಬಾಯಿ ಬಿಡೋಕೆ ಹಿಂಜರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕರಾವಳಿಯಲ್ಲಿ ಇನ್ನೊಂದು ಬಗೆಯ ಜನರೂ ಇದ್ದರು. ಸ್ಪೋಕನ್‌ಕೀಕರ್ ಅಂತಾರೆ, ಅಂದ್ರೆ ದೆವ್ವ ನೋಡುವವರು. ಊರಲ್ಲಿ ಯಾರು ಸಾಯ್ತಾರೆ ಅಂತ ಮುಂಚೆಯೇ ಕಾಣೋ ಕಣ್ಣು ಅವರಿಗಿದೆ, ರಾತ್ರಿ ಹೊತ್ತು ಇನ್ನೂ ನಡೆಯದ ಹೆಣದ ಮೆರವಣಿಗೆ ದಾರಿಯಲ್ಲಿ ಹೋಗೋದು ಅವರಿಗೆ ಕಾಣುತ್ತೆ ಅಂತ ನಂಬಿಕೆ. ಕೆಟ್ಟ ಕಣ್ಣಿನ ಭಯವೂ ಅಲ್ಲಿ ನಮ್ಮಲ್ಲಿದ್ದಷ್ಟೇ. ಅದಕ್ಕೆ ಜರ್ಮನ್‌ನಲ್ಲಿರೋ ಹೆಸರಿನ ಅರ್ಥವೂ ಕೆಟ್ಟ ನೋಟ ಅಂತಲೇ. ಏಪ್ರಿಲ್ ಕೊನೆಯ ರಾತ್ರಿ ಮಾಟಗಾತಿಯರು ಓಡಾಡ್ತಾರೆ ಅಂತ ದನದ ಕೊಟ್ಟಿಗೆಯ ಬಾಗಿಲಿಗೆ ಮೂರು ಶಿಲುಬೆ ಬರೆಯೋ ಪದ್ಧತಿ ಜರ್ಮನಿಯ ಹಲವು ಸೀಮೆಗಳಲ್ಲಿತ್ತು. ಯುರೋಪ್ ಅಂದ್ರೆ ಬರೀ ಉಗಿಯಂತ್ರ ಮತ್ತು ವಿಜ್ಞಾನ ಅಂದುಕೊಂಡ ನಮಗೆ ಇದು ವಿಚಿತ್ರ ಅನ್ಸಬಹುದು. ಆದರೆ ಕಿಟೆಲ್ ಹುಟ್ಟಿದ ಹಳ್ಳಿಗಾಡು ಅಂಥದ್ದು.

ಇಲ್ಲಿ ಕಿಟೆಲ್‌ರನ್ನು ಸ್ವಲ್ಪ ಬಿಟ್ಟು ಇಬ್ಬರು ಅಣ್ಣತಮ್ಮಂದಿರ ಬಗ್ಗೆ ಹೇಳಲೇಬೇಕು. ಯಾಕೋಬ್ ಗ್ರಿಮ್, ವಿಲ್ಹೆಲ್ಮ್ ಗ್ರಿಮ್. ಸಿಂಡ್ರೆಲಾ, ಸ್ನೋವೈಟ್ ಕತೆಗಳನ್ನು ನಾವೆಲ್ಲ ಕಾರ್ಟೂನ್‌ನಲ್ಲಿ ನೋಡಿದ್ದೀವಿ. ಅವುಗಳನ್ನು ಜನರ ಬಾಯಿಂದ ಕೇಳಿ 1812ರಲ್ಲಿ ಅಚ್ಚು ಹಾಕಿಸಿದವರು ಇವರು. ಯಾಕೋಬ್ ಅಲ್ಲಿಗೇ ನಿಲ್ಲಲಿಲ್ಲ. 1835ರಲ್ಲಿ ಜರ್ಮನ್ ಪುರಾಣದ ಮೇಲೆ ದೊಡ್ಡ ಗ್ರಂಥ ಬರೆದ. ಅದರ ಅನುಬಂಧಗಳಲ್ಲಿ ಬೆಕ್ಕು ಅಡ್ಡ ಬಂದರೆ ಏನು, ಸೀನಿದರೆ ಏನು, ಮಗುವಿಗೆ ಕಣ್ಣು ತಾಗಿದರೆ ಏನು ಮಾಡಬೇಕು ಅನ್ನೋ ಥರದ ಹಳ್ಳಿ ನಂಬಿಕೆಗಳನ್ನು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಪಟ್ಟಿ ಮಾಡಿದ. ಇವೆಲ್ಲ ಮೂಢನಂಬಿಕೆ ಅಂತ ಬೈಯೋದು ಅವನ ಉದ್ದೇಶ ಆಗಿರಲಿಲ್ಲ. ಒಂದು ಜನಾಂಗದ ಹಳೆಯ ಮನಸ್ಸು ಇದರಲ್ಲಿ ಉಳಿದಿದೆ ಅನ್ನೋದು ಅವನ ವಾದ. 1841ರಲ್ಲಿ ಮೆರ್ಸೆಬುರ್ಗ್ ಊರಿನ ಚರ್ಚಿನ ಹಳೇ ಹಸ್ತಪ್ರತಿಯಲ್ಲಿ ಎರಡು ಮಂತ್ರಗಳು ಸಿಕ್ಕವು. ಮಾರನೇ ವರ್ಷ ಅವನ್ನು ಪ್ರಕಟಿಸಿದವನೂ ಯಾಕೋಬ್. ಅದರಲ್ಲೊಂದು ಕಾಲು ಉಳುಕಿದ ಕುದುರೆಗೆ ಹಾಕೋ ಮಂತ್ರ. ಮೂಳೆ ಮೂಳೆಗೆ ಸೇರಲಿ, ರಕ್ತ ರಕ್ತಕ್ಕೆ ಕೂಡಲಿ ಅನ್ನೋ ಅರ್ಥದ್ದು. ಅಡಾಲ್ಬರ್ಟ್ ಕೂನ್ ಅನ್ನೋ ವಿದ್ವಾಂಸ 1864ರಲ್ಲಿ ಅದನ್ನು ನಮ್ಮ ಅಥರ್ವವೇದದ ಒಂದು ಮಂತ್ರದ ಪಕ್ಕ ಇಟ್ಟು ತೋರಿಸಿದ. ಮುರಿದ ಅಂಗ ಕೂಡಿಸೋ ಆ ಮಂತ್ರದ ಕಟ್ಟುಪಾಡೂ ಹೆಚ್ಚುಕಡಿಮೆ ಅದೇ. ನಮ್ಮೂರಲ್ಲಿ ಉಳುಕು ತೆಗೆಯೋರು ಬಾಯಲ್ಲಿ ಏನೋ ಮಣಮಣ ಅಂತಾರಲ್ಲ, ಅದು ಯಾವ ಕುಲದ್ದೋ ಯಾರಿಗೆ ಗೊತ್ತು!

ಅಣ್ಣತಮ್ಮಂದಿರು 1838ರಲ್ಲಿ ಜರ್ಮನ್ ಭಾಷೆಗೆ ಒಂದು ನಿಘಂಟು ಮಾಡೋಕೂ ಹೊರಟರು. ಮೊದಲ ಸಂಪುಟ ಬಂದದ್ದು 1854ರಲ್ಲಿ. 1863ರಲ್ಲಿ ಯಾಕೋಬ್ ತೀರಿಕೊಂಡಾಗ ಎಫ್ ಅಕ್ಷರದಲ್ಲಿ ಹಣ್ಣು ಅನ್ನೋ ಅರ್ಥದ ಪದದ ಹತ್ತಿರ ಇದ್ದ ಅಂತಾರೆ. ನಿಘಂಟು ಮುಗಿದದ್ದು 1961ರಲ್ಲಿ! ಯಾರಾದ್ರೂ ಪ್ರಾಜೆಕ್ಟ್ ಡೆಡ್‌ಲೈನ್ ಮುಂದಕ್ಕೆ ಹಾಕಿ ಅಂತ ಕೇಳುವಾಗ ಈ ಉದಾಹರಣೆ ಕೊಡಬಹುದು. ನಾನು ಹೇಳೋಕೆ ಹೊರಟದ್ದು ಇಷ್ಟು: ಜನರ ಕತೆ, ಜನರ ಮಂತ್ರ, ಜನರ ಪದ ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳೋ ಗಾಳಿ ಆಗ ಜರ್ಮನಿಯಲ್ಲಿ ಬೀಸ್ತಿತ್ತು. ಕಿಟೆಲ್ ಬೆಳೆದದ್ದು ಆ ಕಾಲದಲ್ಲಿ.

ಔರಿಕ್ ಪಟ್ಟಣದ ಶಾಲೆಯಲ್ಲಿ ಹುಡುಗ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ. 1850ರಲ್ಲಿ, ಹದಿನೆಂಟರ ವಯಸ್ಸಿಗೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆ ಸೇರಿದ. ಅಲ್ಲಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು; ಇವನು ಉತ್ತರದ ತುದಿಯವನು. ಮೂರು ವರ್ಷದ ಮೇಲೆ, 1853ರಲ್ಲಿ, ಇಪ್ಪತ್ತೊಂದರ ಹುಡುಗನನ್ನು ಹಡಗು ಹತ್ತಿಸಿ ಕನ್ನಡನಾಡಿಗೆ ಕಳಿಸಿದರು.

ಮಿಷನ್ ಆಗಲೇ ಇಲ್ಲಿ ಬೇರು ಬಿಟ್ಟಿತ್ತು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ನಕ್ಷೆ ತೆಗೆದು ನೋಡಿ, ರಾಜೂರಿಗೆ ಒಂದು ಕಡೆ ಬೆಟಗೇರಿ, ಇನ್ನೊಂದು ಕಡೆ ಗುಳೇದಗುಡ್ಡ. ಎರಡೂ ನೇಕಾರರ ಊರು. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಂತೂ ಕಾಲಜ್ಞಾನ ನಂಬಿದ ಒಂದು ಪಂಥದ ಜನರಿಗಾಗಿ ಮಿಷನರಿಗಳು ವಸಾಹತು ಕಟ್ಟಿದರು. ಭವಿಷ್ಯ ಹೇಳೋ ಹಳೇ ಓಲೆಗಳನ್ನು ನಂಬಿದ ಜನ ತಮ್ಮ ಹತ್ತಿರ ಬರ್ತಾರೆ ಅಂತ ಅವರ ಎಣಿಕೆ. ಎಣಿಸಿದ ಹಾಗೆ ಆಗಲಿಲ್ಲ. ಆಗಲೇ ಮಂಗಳೂರಲ್ಲಿ ಹರ್ಮನ್ ಮೋಗ್ಲಿಂಗ್ 1843ರ ಜುಲೈನಲ್ಲಿ ಮಂಗಳೂರ ಸಮಾಚಾರ ಹೊರಡಿಸಿ ಕನ್ನಡದ ಮೊದಲ ಪತ್ರಿಕೆ ಮಾಡಿದ್ದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದಿದ್ದರು.

ಹೊಸ ಹುಡುಗ ಬಂದವನೇ ಹಿರಿಯರಿಗೆ ತಲೆನೋವಾದ. ಕನ್ನಡಿಗರ ಮಧ್ಯೆ ಕೆಲಸ ಮಾಡಬೇಕಾದ್ರೆ ಕನ್ನಡಿಗನಾಗೇ ಇರಬೇಕು ಅನ್ನೋ ಹಟ ಅವನದು. ಸಾಹೇಬರ ಠೀವಿಯ ಬಂಗಲೆ, ಕುದುರೆ, ಆಳುಕಾಳು ಬೇಡ. ಕಾಲ್ನಡಿಗೆಯಲ್ಲಿ ಊರೂರು ಅಲೆಯೋದು, ಜನರ ಜತೆ ಕೂತು ಮಾತಾಡೋದು. ದಿನದ ಹೆಚ್ಚಿನ ಹೊತ್ತು ಭಾಷೆ ಕಲಿಯೋದಕ್ಕೇ ಹೋಗ್ತಿತ್ತು. ಬಾಸೆಲ್‌ನ ಸಮಿತಿಗೆ ಇದು ಹಿಡಿಸಲಿಲ್ಲ. ಮಿಷನ್ ಅಂದ್ರೆ ಶಿಸ್ತು. ಲೆಕ್ಕ ಕೊಡಬೇಕು, ವರದಿ ಬರೀಬೇಕು, ಮುಖ್ಯವಾಗಿ ಎಷ್ಟು ಜನ ಮತಾಂತರ ಆದರು ಅಂತ ತೋರಿಸಬೇಕು. ಆ ಲೆಕ್ಕದಲ್ಲಿ ಕಿಟೆಲ್ ಯಾವತ್ತೂ ಪಾಸಾಗಲಿಲ್ಲ. ಪಾದ್ರಿಯಾಗಿ ಅವರು ಸೋತವರು. ಇದನ್ನು ಮುಚ್ಚಿಡೋದು ಬೇಡ, ಯಾಕೆಂದ್ರೆ ಆ ಸೋಲಿನಿಂದಲೇ ಅವರನ್ನು ಪುಸ್ತಕದ ಕೆಲಸಕ್ಕೆ ಹಚ್ಚೋದು ಮಿಷನ್ನಿಗೆ ಸುಲಭವಾಯ್ತು ಅಂತ ನನಗೆ ಅನ್ಸುತ್ತೆ.

1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ವಾಪಸ್ ಹೋದರು. ಅದೇ ವರ್ಷ ಕಿಟೆಲ್ ಪೌಲೀನ ಐತ್‌ರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಪೌಲೀನ ತೀರಿಕೊಂಡರು. ಆಮೇಲೆ ಅವರ ಸಹೋದರಿ ಜೂಲಿಯನ್ನು ಮದುವೆಯಾದರು. ಈ ಎರಡು ಮದುವೆಗಳ ನಡುವಿನ ಕಾಲದ ಬಗ್ಗೆ ನಾವು ಒಂದು ಸಾಲಿನಲ್ಲಿ ಹೇಳಿ ಮುಗಿಸ್ತೀವಿ. ಸಮುದ್ರದಾಚೆಯ ಊರಲ್ಲಿ ತಾಯಿಲ್ಲದ ಮಕ್ಕಳನ್ನಿಟ್ಟುಕೊಂಡು ಅವರು ಹೇಗೆ ದಿನ ತಳ್ಳಿದರೋ.

ಮೊದಲ ಮದುವೆಯ ಆ ವರ್ಷಗಳಲ್ಲೇ, 1862ರಲ್ಲಿ, ಕಥಾಮಾಲೆ ಅನ್ನೋ ಪುಸ್ತಕ ಬಂತು. ಯೇಸುವಿನ ಕತೆ, ಆದರೆ ನಮ್ಮ ಛಂದಸ್ಸಿನಲ್ಲಿ, ಹಾಡೋ ಹಾಗೆ. ಹಳ್ಳಿಯಲ್ಲಿ ಪುರಾಣ ಹಾಡಿ ಹೇಳ್ತಾರೆ, ಜನ ಗುಡಿಯ ಮುಂದೆ ಕೂತು ಕೇಳ್ತಾರೆ ಅನ್ನೋದನ್ನು ಕಂಡುಕೊಂಡು ಬರೆದದ್ದು ಅದು. ಪಾದ್ರಿ ಪಂಡಿತನಾಗೋ ದಾರಿ ಅಲ್ಲಿಂದ ನೇರ. ಹಾಡು ಬರೀಬೇಕಾದ್ರೆ ಛಂದಸ್ಸು ಬೇಕು, ಛಂದಸ್ಸಿಗೆ ನಾಗವರ್ಮ ಬೇಕು, ನಾಗವರ್ಮನನ್ನು ಓದೋಕೆ ಹಳಗನ್ನಡ ವ್ಯಾಕರಣ ಬೇಕು, ವ್ಯಾಕರಣಕ್ಕೆ ಕೇಶಿರಾಜ ಬೇಕು. ಒಂದು ಪ್ಯಾಕೇಜ್ ಹಾಕೋಕೆ ಹೋಗಿ ಅದರ ಹಿಂದಿನ ಹತ್ತು ಡಿಪೆಂಡೆನ್ಸಿ ಹಾಕಬೇಕಾದ ಕತೆ ನಮಗೆಲ್ಲ ಗೊತ್ತಲ್ಲ. ಕಿಟೆಲ್ ಎಲ್ಲವನ್ನೂ ಹಾಕಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚು ಹಾಕಿಸಿದರು. ಛಂದೋಂಬುಧಿಯ ಮುಂದೆ ಕನ್ನಡ ಸಾಹಿತ್ಯದ ಬಗ್ಗೆ ಒಂದು ಉದ್ದದ ಪ್ರಬಂಧವನ್ನೂ ಇಂಗ್ಲಿಷಿನಲ್ಲಿ ಬರೆದರು.

ಇಷ್ಟು ಎಲ್ಲರೂ ಹೇಳೋ ಕಿಟೆಲ್. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮಡಿಕೇರಿಯ ಕಿಟೆಲ್.

1870ರ ದಶಕದಲ್ಲಿ ಅವರು ಮಡಿಕೇರಿಯಲ್ಲಿದ್ದರು. ಮುಂಬೈನಲ್ಲಿ ಇಂಡಿಯನ್ ಆಂಟಿಕ್ವರಿ ಅನ್ನೋ ಸಂಶೋಧನಾ ಪತ್ರಿಕೆ 1872ರಲ್ಲಿ ಶುರುವಾಗಿತ್ತು. ಅದಕ್ಕೆ ಕಿಟೆಲ್ ಒಂದಾದ ಮೇಲೊಂದು ಲೇಖನ ಕಳಿಸಿದರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಕೊಂಡಿರೋ ದ್ರಾವಿಡ ಪದಗಳ ಬಗ್ಗೆ ಒಂದು, ದ್ರಾವಿಡ ಸಂಖ್ಯಾಪದಗಳ ಬಗ್ಗೆ ಒಂದು, 1875ರಲ್ಲಿ ಏಳು ಲಿಂಗಾಯತ ಐತಿಹ್ಯಗಳು. ಇವುಗಳ ನಡುವೆ 1873ರಲ್ಲಿ ಕೊಡಗಿನ ಮೂಢನಂಬಿಕೆಗಳು ಅನ್ನೋ ಹೆಸರಿನದ್ದು ಒಂದು. ಹೆಸರಲ್ಲೇ ಪಾದ್ರಿಯ ತೀರ್ಪು ಇದೆ. ಕೊಡವರಲ್ಲಿ ಸತ್ತ ಹಿರಿಯರಿಗೆ ಎಡೆ ಇಟ್ಟು ಕಾರಣ ಕೊಡೋ ಪದ್ಧತಿ ಇವತ್ತಿಗೂ ಇದೆ. ಹಿರಿಯನ ಆತ್ಮ ಪಾತ್ರಿಯ ಮೈಮೇಲೆ ಬಂದು ಮಾತಾಡುತ್ತೆ. ನಮ್ಮ ಕಡೆ ಪಿತೃಪಕ್ಷದಲ್ಲಿ ಎಡೆ ಹಾಕಿ, ಮೈದುಂಬಿದವರ ಮುಂದೆ ಕಾಯಿ ಹಿಡಿದು ನಿಲ್ಲೋದನ್ನು ನೋಡಿದವರಿಗೆ ಅದು ದೂರದ್ದಲ್ಲ. ಇದನ್ನು ಒಬ್ಬ ಪಾದ್ರಿ ಒಪ್ಪೋದು ಸಾಧ್ಯ ಇರಲಿಲ್ಲ. ಒಪ್ಪಲೂ ಇಲ್ಲ.

ಮಡಿಕೇರಿಯಲ್ಲಿದ್ದ ಜರ್ಮನ್ ಮಿಷನರಿಗಳ ಬರಹಗಳಲ್ಲಿ ಒಂದು ಕತೆ ಸಿಗುತ್ತೆ. ಕೊಡಗಿನ ಒಂದು ಊರಿನ ಭದ್ರಕಾಳಿಗೆ ಮೂರು ವರ್ಷಕ್ಕೊಮ್ಮೆ ನರಬಲಿ ಕೊಡ್ತಿದ್ದರಂತೆ. ಬಲಿಯ ಹೊತ್ತಿಗೆ ಆಳು ಅಮ್ಮಾ, ಮನುಷ್ಯ ಬಂದ ಅಂತ ಕೂಗೋದು ರೂಢಿ. ಒಂದು ಸಲ ಯಾರೋ ಒಬ್ಬ, ಆಳಲ್ಲ ತಾಯಿ, ಆಡು ಅಂತ ಕೂಗಿಬಿಟ್ಟ. ಆವತ್ತಿಂದ ಆಡನ್ನೇ ಕಡಿಯೋದಾಯ್ತು. ಆಳು, ಆಡು. ಒಂದೇ ಒಂದು ಅಕ್ಷರದಿಂದ ಒಬ್ಬ ಮನುಷ್ಯನ ಜೀವ ಉಳೀತು. ಈ ಕತೆ ನಿಜವಾಗಿ ನಡೆದದ್ದೋ ಕಟ್ಟಿದ್ದೋ, ಪದಕ್ಕೆ ಎಷ್ಟು ಬೆಲೆ ಅಂತ ಅದನ್ನು ಹೇಳಿದ ಜನಕ್ಕೆ ಚೆನ್ನಾಗಿ ಗೊತ್ತಿತ್ತು.

ಇಂಥ ಕೆಲಸ ಮಾಡಿದವರು ಕಿಟೆಲ್ ಒಬ್ಬರೇ ಅಲ್ಲ. ಗ್ರೇಟರ್ ಅನ್ನೋರು 1870ರಲ್ಲಿ ಕೊಡವ ಹಾಡುಗಳನ್ನು ಅಚ್ಚು ಮಾಡಿಸಿದರು. ಮಂಗಳೂರಲ್ಲಿ ಮ್ಯಾನರ್ 1886ರಲ್ಲಿ ತುಳು ಪಾಡ್ದನಗಳನ್ನು, ಅದೇ ವರ್ಷ ತುಳು ನಿಘಂಟನ್ನು ತಂದರು. ಪಾಡ್ದನ ಅಂದ್ರೆ ಭೂತಗಳ ಹುಟ್ಟು, ಸಾವು, ಕಾರಣಿಕದ ಹಾಡು. ಕಾಂತಾರ ನೋಡಿ ಕೂಗಿದವರಿಗೆ ಇದು ಗೊತ್ತಿರಲಿ: ಆ ಹಾಡುಗಳು ಮೊದಲು ಅಚ್ಚಾದದ್ದು ಭೂತಾರಾಧನೆ ಬಿಡಿಸೋಕೆ ಅಂತ ಬಂದವರ ಪ್ರೆಸ್ಸಿನಲ್ಲಿ. ಇದನ್ನು ಹೇಗೆ ತಗೋಬೇಕು? ನಂಬಿಕೆ ಅಳಿಸೋಕೆ ಬಂದವರು ನಂಬಿಕೆಯ ಮಾತನ್ನು ಉಳಿಸಿದರು. ಅವರನ್ನು ಹೊಗಳಿ ಮುಗಿಸೋದೂ ತಪ್ಪು, ಮಿಷನರಿ ಅಂತ ಬದಿಗಿಡೋದೂ ತಪ್ಪು ಅನ್ಸುತ್ತೆ ನನಗೆ. ಕಿಟೆಲ್ ಯಜ್ಞದ ಬಗ್ಗೆ 1872ರಲ್ಲಿ ಬರೆದ ಪುಸ್ತಿಕೆಯ ಹಿಂದೆ ಧರ್ಮಪ್ರಚಾರದ ಗುರಿ ಇದ್ದೇ ಇತ್ತು. ಆದರೆ 1876ರಲ್ಲಿ ಲಿಂಗಪೂಜೆಯ ಮೂಲದ ಬಗ್ಗೆ ಜರ್ಮನ್‌ನಲ್ಲಿ ಬರೆದಾಗ ಅವರು ಮಾಡಿದ್ದೇ ಬೇರೆ. ಅದು ಆರ್ಯರು ದ್ರಾವಿಡರಿಂದ ತಗೊಂಡದ್ದು ಅಂತ ದೊಡ್ಡ ದೊಡ್ಡ ವಿದ್ವಾಂಸರು ಹೇಳ್ತಿದ್ದ ಕಾಲದಲ್ಲಿ, ಆಧಾರ ಎಲ್ಲಿದೆ ಅಂತ ಕೇಳಿ ಆ ವಾದವನ್ನು ಕಿತ್ತುಹಾಕಿದರು. ಒಪ್ಪದ ವಿಷಯದಲ್ಲೂ ಆಧಾರ ಕೇಳೋ ಬುದ್ಧಿ ಅದು.

1877ರಲ್ಲಿ ಜರ್ಮನಿಗೆ ಹೋದರು. 1883ರಲ್ಲಿ ಮತ್ತೆ ಬಂದರು. ವಯಸ್ಸು ಐವತ್ತೊಂದು. ಬಂದದ್ದು ನಿಘಂಟು ಮುಗಿಸೋಕೆ.

ಅದಕ್ಕೂ ಮುಂಚೆ ಇದ್ದದ್ದು ರೆವರೆಂಡ್ ರೀವ್ ಮಾಡಿದ ಕನ್ನಡ ಇಂಗ್ಲಿಷ್ ಕೋಶ. ಮದ್ರಾಸಿನಲ್ಲಿ ಅದು ಅಚ್ಚಾದದ್ದು 1832ರಲ್ಲಿ, ಕಿಟೆಲ್ ಹುಟ್ಟಿದ ವರ್ಷವೇ. ಕಿಟೆಲ್‌ಗೆ ಅದು ಸಾಲದಾಯ್ತು. ಅವರ ಕೆಲಸದ ರೀತಿಯನ್ನು ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಡೇಟಾ ಎಲ್ಲಿಂದ ಬಂತು ಅಂತ ಪ್ರತಿಯೊಂದಕ್ಕೂ ಟ್ಯಾಗ್ ಹಾಕಿದರು. ಹಳೇ ಕೋಶದಿಂದ ಬಂದದ್ದಕ್ಕೆ ಆ ಕೋಶದ ಹೆಸರು, ಕಾವ್ಯದಿಂದ ಬಂದದ್ದಕ್ಕೆ ಕಾವ್ಯದ ಹೆಸರು, ಗಾದೆಯಿಂದ ಬಂದದ್ದಕ್ಕೆ ಗಾದೆಯ ಗುರುತು, ಜನರ ಬಾಯಿಂದ ಬಂದದ್ದಕ್ಕೆ ಮೈಸೂರು ಸೀಮೆಯೋ ದಕ್ಷಿಣ ಮರಾಠಾ ಸೀಮೆಯೋ ಅಂತ ಗುರುತು. ಅಚ್ಚಗನ್ನಡ ಪದ ಆದ್ರೆ ಪಕ್ಕದಲ್ಲಿ ತಮಿಳು, ತೆಲುಗು, ಮಲಯಾಳಂ, ತುಳುವಿನ ಬಂಧುಗಳು. ಸಂಸ್ಕೃತದ್ದಾದ್ರೆ ತತ್ಸಮವೋ ತದ್ಭವವೋ ಅನ್ನೋದು. ಕಂಪ್ಯೂಟರ್ ಇಲ್ಲ, ಹುಡುಕೋ ಬಟನ್ ಇಲ್ಲ. ಜತೆಗೆ ಇಲ್ಲಿನ ಪಂಡಿತರು ಇದ್ದರು; ಅವರ ಪಾಲು ಚಿಕ್ಕದಲ್ಲ, ಆದರೆ ಕೋಶವನ್ನು ನಾವು ಕರೆಯೋದು ಒಬ್ಬರ ಹೆಸರಿಂದ ಮಾತ್ರ.

ಆಗಿನ ಕನ್ನಡದ ಸ್ಥಿತಿಯನ್ನೂ ನೆನಪಿಡಬೇಕು. ನಾಡು ಮುಂಬೈ, ಮದ್ರಾಸು, ಮೈಸೂರು, ನಿಜಾಮ, ಕೊಡಗು ಅಂತ ಹರಿದು ಹಂಚಿಹೋಗಿತ್ತು. ರೋಣ ಮುಂಬೈ ಪ್ರಾಂತದಲ್ಲಿ. ಪಕ್ಕದ ಕೊಪ್ಪಳ ನಿಜಾಮನ ಕೈಯಲ್ಲಿ. ಧಾರವಾಡ ಜಿಲ್ಲೆಯ ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ಡೆಪ್ಯುಟಿ ಚೆನ್ನಬಸಪ್ಪನಂಥವರು ಹೋರಾಡಿ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸ್ತಿದ್ದ ಕಾಲ ಅದು. ಐದು ಸರಕಾರಗಳ ಕೆಳಗಿದ್ದ ಜನರ ಮಾತನ್ನು ಒಂದೇ ಪುಸ್ತಕದಲ್ಲಿ ಪಕ್ಕಪಕ್ಕ ಕೂರಿಸಿದ್ದು ಕಿಟೆಲ್ ಕೋಶ. ಏಕೀಕರಣ ಆಗಿದ್ದು 1956ರಲ್ಲಿ. ಪದಗಳ ಮಟ್ಟಿಗೆ ಅದು ಆರು ದಶಕ ಮುಂಚೆಯೇ ಆಗಿಹೋಗಿತ್ತು.

ಒಂದು ಉದಾಹರಣೆ. ಮಾಟ. ನಮ್ಮೂರಲ್ಲಿ ಈ ಪದವನ್ನು ಜೋರಾಗಿ ಹೇಳಲ್ಲ. ದಾರಿಯಲ್ಲಿ ನಿಂಬೆಹಣ್ಣು, ಕುಂಕುಮ, ಕರಿದಾರ ಬಿದ್ದಿದ್ದರೆ ಆಯಿ ಅದನ್ನು ಸುತ್ತುಹಾಕಿ ನಡೀತಾಳೆ. ಆದರೆ ಪದದ ಬುಡಕ್ಕೆ ಹೋದರೆ ಅದು ಮಾಡು ಅನ್ನೋ ಧಾತುವಿನಿಂದ ಬಂದದ್ದು. ಆಡು, ಆಟ. ಓಡು, ಓಟ. ಮಾಡು, ಮಾಟ. ಮೊದಲ ಅರ್ಥ ಬರೀ ಮಾಡಿದ್ದು, ಕೆಲಸ. ಚೆನ್ನಾಗಿ ಮಾಡಿದ್ದಕ್ಕೆ ಅಂದ ಇರುತ್ತೆ, ಹಾಗಾಗಿ ಸೊಗಸು ಅನ್ನೋ ಅರ್ಥ. ಮಾಟವಾದ ಮೂಗು ಅಂತೀವಲ್ಲ, ಅದು. ಆಮೇಲೆ ಯಾರೋ ಯಾರಿಗೋ ಕದ್ದು ಮಾಡಿದ್ದು, ಅಭಿಚಾರ. ಜರ್ಮನ್‌ನಲ್ಲೂ ಹೀಗೇ ಇದೆ. ಅಲ್ಲಿನ ಹಳ್ಳಿಗಳಲ್ಲಿ ಒಬ್ಬರಿಗೆ ಏನೋ ಮಾಡಿದ್ದಾರೆ ಅನ್ನೋ ಸಾದಾ ಕ್ರಿಯಾಪದವೇ ಮಾಟ ಮಾಡಿಸಿದ್ದಾರೆ ಅನ್ನೋ ಅರ್ಥ ಕೊಡುತ್ತೆ. ಪದದ ಬುಡ ಕಂಡ ಮೇಲೆ ಭಯ ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ. ನಾನೂ ಆ ನಿಂಬೆಹಣ್ಣನ್ನು ದಾಟಲ್ಲ.

ಇನ್ನು ಅಂತ್ರ. ತೋಳಿಗೆ, ಕೊರಳಿಗೆ ಕಟ್ಟೋ ತಾಯತ. ಅದು ಸಂಸ್ಕೃತದ ಯಂತ್ರ. ನಾವು ನಾಲ್ಕು ವರ್ಷ ಫೀಸು ಕಟ್ಟಿ ಓದ್ತಿರೋ ಯಂತ್ರ ಮತ್ತು ನನ್ನ ತಮ್ಮನ ಕೊರಳಲ್ಲಿರೋ ಅಂತ್ರ ಒಂದೇ ಪದ. ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರು ಕ್ಷಮಿಸಬೇಕು.

1892ರ ಹೊತ್ತಿಗೆ ಕಿಟೆಲ್‌ರ ಆರೋಗ್ಯ ಕೈಕೊಟ್ಟಿತ್ತು, ಕಣ್ಣು ಮಂದವಾಗಿತ್ತು. ದಶಕಗಳ ಕಾಲ ಓಲೆಗರಿ, ಸಣ್ಣ ಅಕ್ಷರ, ದೀಪದ ಬೆಳಕು. ಕಣ್ಣು ಎಷ್ಟು ತಡೆದೀತು. ಅವರು ಜರ್ಮನಿಗೆ ಮರಳಿದರು, ಮತ್ತೆ ಬರಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಕೋಶ ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಸುಮ್ಮನೆ ಕೂರಲಿಲ್ಲ ಅವರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದರು. ಅದು ಅಚ್ಚಾದದ್ದು 1903ರಲ್ಲಿ. ಆ ವರ್ಷದ ಡಿಸೆಂಬರಿನಲ್ಲೇ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ವಯಸ್ಸು ಎಪ್ಪತ್ತೊಂದು.

ಗ್ರಿಮ್ ಅಣ್ಣತಮ್ಮಂದಿರ ನಿಘಂಟು ಆಗ ಇನ್ನೂ ಅರ್ಧ ದಾರಿಯಲ್ಲಿತ್ತು.

ಆಮೇಲಿನದ್ದು ಗೊತ್ತಿರೋದೇ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ, ಬೆಂಗಳೂರಲ್ಲಿ ಪ್ರತಿಮೆ ಮಾಡಿದರು. ಮದ್ರಾಸ್ ವಿಶ್ವವಿದ್ಯಾಲಯ ಮರಿಯಪ್ಪ ಭಟ್ಟರ ಕೈಯಲ್ಲಿ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟದಲ್ಲಿ ತಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿದದ್ದು 1995ರಲ್ಲಿ. ಅದರ ಪುಟಗಳ ಹಿಂದೆಯೂ ಈ ಮುದುಕನ ನೆರಳಿದೆ.

ಪ್ರಾಜೆಕ್ಟ್‌ಗೆ ಮಾರ್ಕ್ಸ್ ಬಂತು. ಆ ಮೇಲೆ ನಾವು ಪಟ್ಟಿಗೆ ಊರಿನ ಹೆಸರಿನ ಒಂದು ಕಾಲಂ ಸೇರಿಸಿದ್ವಿ. ಕಿಟೆಲ್ ಮಾಡಿದ ಹಾಗೆ. ನಮ್ಮ ಗುಂಪಿನ ಬೀದರಿನವನು ಬೀದರಿನ ಪದ ತರೋದು, ಕುಂದಾಪುರದವಳು ಕುಂದಾಪುರದ್ದು, ನಾನು ರಾಜೂರಿಂದು. ನಗಾಡಿದ ಗೆಳೆಯನೇ ಮೊದಲು ಅವರಜ್ಜಿಗೆ ಫೋನ್ ಮಾಡಿದ.

ಎಳ್ಳಮಾಸಿಗೆ ಊರಿಗೆ ಹೋದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಕಾಳುಪಲ್ಲೆ, ಎಣ್ಣೆಗಾಯಿ ಉಂಡು, ಬನ್ನಿಗಿಡದ ನೆರಳಲ್ಲಿ ಆಯಿಯ ಮುಂದೆ ಫೋನ್ ಇಟ್ಟು ರೆಕಾರ್ಡಿಂಗ್ ಒತ್ತಿದೆ. ಪದಗಳನ್ನು ಧಾರಾಳವಾಗಿ ಕೊಟ್ಟಳು. ಗಾಳಿ ಬಡಿಯೋದಕ್ಕೂ ಗಾಳಿ ಸೋಕೋದಕ್ಕೂ ಏನು ವ್ಯತ್ಯಾಸ, ನೆದರು ತೆಗೆಯೋಕೆ ಎಷ್ಟು ಮೆಣಸಿನಕಾಯಿ, ಯಾವ ಕೈಯಿಂದ, ಎಲ್ಲ. ಕೊನೆಗೆ ನೆದರು ತೆಗೆಯುವಾಗ ಬಾಯಲ್ಲಿ ಅನ್ನೋ ಮಾತು ಏನು ಆಯಿ ಅಂತ ಕೇಳಿದೆ.

ಆಕೆ ಫೋನ್ ಕಡೆ ನೋಡಿದಳು. ಅದನ್ನ ಹಂಗ ಹೇಳಂಗಿಲ್ಲಪಾ, ಹೇಳಿದ್ರ ಗುಣ ಹೊಕ್ಕೈತಿ ಅಂದಳು. ಗ್ರಹಣದ ದಿನ ನೀರಾಗ ನಿಂತು ಕೊಡಬೇಕು, ಒಬ್ಬರಿಗೇ ಕೊಡಬೇಕು. ಜರ್ಮನಿಯ ಹಳ್ಳಿಗಳಲ್ಲೂ ಇಂಥ ಮಾತನ್ನು ಎಲ್ಲರಿಗೂ ಹೇಳ್ತಿರಲಿಲ್ಲ. ಹೆಂಗಸು ಗಂಡಸಿಗೆ, ಗಂಡಸು ಹೆಂಗಸಿಗೆ ಮಾತ್ರ ಕಲಿಸೋ ಪದ್ಧತಿ ಹಲವು ಕಡೆ ಇತ್ತು ಅಂತ ಓದಿದ್ದೆ. ಅದನ್ನು ಹೇಳಿದೆ. ಆಯಿ ಸ್ವಲ್ಪ ಹೊತ್ತು ಯೋಚಿಸಿ, ಅವರೂ ಶಾಣ್ಯಾರ ಅದಾರ ಬಿಡು ಅಂದಳು. ಆಮೇಲೆ ಫೋನ್ ಬಂದ್ ಮಾಡು ಅಂತ ಕೈಸನ್ನೆ ಮಾಡಿ, ಬುತ್ತಿಯ ಬುಟ್ಟಿ ಎತ್ತಿಕೊಂಡು ಬಂಡಿ ಕಡೆ ನಡೆದಳು.

ರಾಜೂರಿನ ಕಾಲಂನಲ್ಲಿ ಈಗ ಅರವತ್ತಮೂರು ಪದ ಇವೆ. ಅರವತ್ತನಾಲ್ಕನೇ ಸಾಲು ತೆಗೆದು ಖಾಲಿ ಇಟ್ಟಿದ್ದೀನಿ. ಮುಂದಿನ ಗ್ರಹಣ ಯಾವಾಗ ಅಂತ ನೋಡಬೇಕು.